ಹೋದವರು ಏನಾದರು?
ಸಂಶೋಧನೆಗೆಂದು ವಿದೇಶಕ್ಕೆ ತೆರಳಿದ ವಿದ್ಯಾರ್ಥಿಗಳ ಬೆನ್ನುಹತ್ತಿದ ಸಮೀಕ್ಷೆಗಳು

ಜೂನ್ ಕಳೆದು ಪರೀಕ್ಷಾ ಫಲಿತಾಂಶಗಳೆಲ್ಲ ಹೊರಬಿದ್ದ ಮೇಲೆ ಮುಂಬಯಿ, ಠಾಣೆ, ಪುಣೆಯ ಕನ್ನಡ ಸಂಘಗಳಲ್ಲಿ ವಿದ್ಯಾರ್ಥಿವೇತನ ವಿತರಣೆ, ಪ್ರತಿಭಾ ಪುರಸ್ಕಾರ ಸಮಾರಂಭಗಳ ಸಾಲು ಶುರುವಾಗುತ್ತದೆ. ದೀಪ ಬೆಳಗಿ, ಪ್ರಾರ್ಥನೆ ಹಾಡಿ, ದಾನಿಗಳಿಗೆ ಶಾಲು ಫಲಪುಷ್ಪ ನೀಡಿ ಗೌರವಿಸಿದ ಬಳಿಕ ಮಕ್ಕಳು ಒಬ್ಬೊಬ್ಬರಾಗಿ ವೇದಿಕೆಗೆ ಬಂದು ಲಕೋಟೆ ಪಡೆಯುತ್ತಾರೆ. ಈಚಿನ ವರ್ಷಗಳಲ್ಲಿ ಆ ಸಾಲಿನಲ್ಲಿ ಜರ್ಮನಿಗೋ ಕೆನಡಾಕ್ಕೋ ಸಂಶೋಧನೆಗೆಂದು ಹೊರಟ ಒಬ್ಬಿಬ್ಬರು ಇದ್ದರೂ ಆಶ್ಚರ್ಯವಿಲ್ಲ. ಮುಂದಿನ ವಾರ ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ವಾರ್ಷಿಕ ವರದಿಯಲ್ಲಿ ಒಂದು ಸಾಲು ಸೇರುತ್ತದೆ. ಐದು ವರ್ಷ ಕಳೆದು ಅದೇ ದಾನಿಯೊಬ್ಬರು, 'ಅಂದು ಹೊರಗೆ ಹೋದ ಆ ಹುಡುಗಿ ಈಗ ಏನು ಮಾಡುತ್ತಿದ್ದಾಳೆ ಮಾರಾಯ್ರೆ?' ಎಂದು ಕೇಳಿದರೆ ಕಾರ್ಯದರ್ಶಿ ಕೋಶಾಧಿಕಾರಿಯ ಮುಖ ನೋಡಬೇಕಾಗುತ್ತದೆ.

ಈ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ, ಹಣ ಮತ್ತು ವರ್ಷಗಳನ್ನು ವ್ಯಯಿಸಿ ಕೇಳಿದ ಸಂಸ್ಥೆಗಳು ಜಗತ್ತಿನಲ್ಲಿವೆ. ಅವರಿಗೆ ದೊರೆತ ಉತ್ತರಗಳಿಗಿಂತ ಉತ್ತರ ಪಡೆಯುವಾಗ ಎದುರಾದ ತೊಡಕುಗಳೇ ನಮ್ಮ ಸಂಘಗಳಿಗೆ ಹೆಚ್ಚು ಉಪಯುಕ್ತವೆನ್ನಬೇಕು.

ಇವುಗಳಲ್ಲಿ ಗಮನ ಸೆಳೆಯುವುದು ಫೋರ್ಡ್ ಪ್ರತಿಷ್ಠಾನದ ಅಂತಾರಾಷ್ಟ್ರೀಯ ಫೆಲೋಶಿಪ್ ಯೋಜನೆ. 2001ರಿಂದ 2013ರ ತನಕ ನಡೆದ ಈ ಯೋಜನೆಯಲ್ಲಿ ಭಾರತವೂ ಸೇರಿದಂತೆ 22 ದೇಶಗಳ 4,300ಕ್ಕೂ ಮಿಕ್ಕಿ ಮಂದಿ ಸ್ನಾತಕೋತ್ತರ ಪದವಿ ಹಾಗೂ ಪಿಎಚ್‌ಡಿ ಅಧ್ಯಯನದ ಅವಕಾಶ ಪಡೆದರು. ಕೇವಲ ಅಂಕಪಟ್ಟಿ ನೋಡಿ ಆರಿಸಿದ್ದಲ್ಲ. ಉನ್ನತ ಶಿಕ್ಷಣದ ಬಾಗಿಲು ಮುಚ್ಚಿದ್ದ ಸಮುದಾಯಗಳಿಂದ ಬಂದು, ತಮ್ಮ ಜನರಿಗಾಗಿ ದುಡಿಯುವ ಮನಸ್ಸಿದ್ದವರನ್ನು ಹುಡುಕಿ, ಹೊರಡುವ ಮೊದಲು ಇಂಗ್ಲಿಷ್ ಹಾಗೂ ಕಂಪ್ಯೂಟರ್ ತರಬೇತಿಯನ್ನೂ ನೀಡಲಾಗಿತ್ತು. ಯೋಜನೆ ಮುಗಿದ ಮೇಲೆ ಕಡತ ಕಟ್ಟಿಡುವ ಬದಲು, ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಇಂಟರ್‌ನ್ಯಾಷನಲ್ ಎಜುಕೇಷನ್ ಸಂಸ್ಥೆಗೆ ಈ ಹಳೆ ಫಲಾನುಭವಿಗಳ ಜಾಡು ಹಿಡಿಯುವ ಹತ್ತು ವರ್ಷಗಳ ಕೆಲಸ ವಹಿಸಲಾಯಿತು. 2016ರಲ್ಲಿ ಮೊದಲ ವರದಿ ಬಂದಾಗ 1,800ಕ್ಕೂ ಹೆಚ್ಚು ಮಂದಿ ಪ್ರಶ್ನಾವಳಿಗೆ ಉತ್ತರಿಸಿದ್ದರು. ಹೆಚ್ಚಿನವರು ತಾಯ್ನಾಡಿನಲ್ಲೇ ಕೆಲಸ ಮಾಡುತ್ತಿದ್ದರು. ಮುಂದೆ ಭಾರತ, ಇಂಡೋನೇಷ್ಯಾ, ಫಿಲಿಪ್ಪೀನ್ಸ್‌ನಲ್ಲಿ ಫಲಾನುಭವಿಗಳನ್ನಷ್ಟೇ ಅಲ್ಲದೆ ಅವರ ಸುತ್ತಲಿನ ಜನರನ್ನೂ ಮಾತನಾಡಿಸಿದರು. 'ನಿನಗೆ ಎಷ್ಟು ಸಂಬಳ?' ಎಂಬುದನ್ನು ಬದಿಗಿಟ್ಟು 'ನಿನ್ನಿಂದ ಊರಿಗೆ ಏನಾಯಿತು?' ಎಂದು ಕೇಳಿದ ಅಪರೂಪದ ಸಮೀಕ್ಷೆಯಿದು.

ಆದರೂ ಲೆಕ್ಕ ಹಾಕಿ ನೋಡಿ. 4,300ರಲ್ಲಿ 1,800 ಎಂದರೆ ಅರ್ಧಕ್ಕಿಂತ ಕಡಿಮೆ. ಇದು ಒಳ್ಳೆಯ ಸಂಖ್ಯೆಯೇ. ವಿದೇಶ ವ್ಯಾಸಂಗ ಏರ್ಪಡಿಸುವ ಅಮೆರಿಕದ ಐಇಎಸ್ ಸಂಸ್ಥೆ 1950ರಿಂದ 1999ರ ತನಕದ ತನ್ನ ಹಳೆ ವಿದ್ಯಾರ್ಥಿಗಳ ಸಮೀಕ್ಷೆ ನಡೆಸಿದಾಗ ಉತ್ತರ ಕಳುಹಿಸಿದವರು ನಾಲ್ವರಲ್ಲಿ ಒಬ್ಬರು ಮಾತ್ರ. ಉಳಿದ ಮೂವರು ಏನಾದರು? ಅವರು ಸೋತವರೆಂದೇ ಹೇಳಲಾಗದು. ಕೆಲಸದ ಒತ್ತಡವಿರಬಹುದು, ಕಾಗದವೇ ತಲುಪದಿರಬಹುದು. ಆದರೆ ಜೀವನ ಹದಕ್ಕೆ ಬಂದವನು ಉತ್ತರ ಬರೆಯುವಷ್ಟು ಉತ್ಸಾಹದಿಂದ ಅರ್ಧಕ್ಕೆ ಬಿಟ್ಟವನು ಬರೆಯುವುದಿಲ್ಲ ಎಂಬುದು ಸಾಮಾನ್ಯ ತಿಳುವಳಿಕೆ. ಹೀಗಾಗಿ ಇಂಥ ವರದಿಗಳಲ್ಲಿ 'ನೂರಕ್ಕೆ ತೊಂಬತ್ತು ಮಂದಿ ತೃಪ್ತರು' ಎಂದು ಕಂಡಾಗ, ಅದು ಹೋದವರಲ್ಲಿ ತೊಂಬತ್ತೋ ಉತ್ತರಿಸಿದವರಲ್ಲಿ ತೊಂಬತ್ತೋ ಎಂದು ನೋಡಿಕೊಳ್ಳಬೇಕು.

ಸೋತವರ ಮಾತು ಎಷ್ಟು ಅಮೂಲ್ಯ ಎಂಬುದಕ್ಕೆ ಅಮೆರಿಕದ ಗ್ರಿನ್ನೆಲ್ ಕಾಲೇಜಿನ ಮನಶ್ಶಾಸ್ತ್ರಜ್ಞ ಡೇವಿಡ್ ಲೊಪ್ಯಾಟೊ ಅವರ ಸಮೀಕ್ಷೆ ಉದಾಹರಣೆ. ಇದು ವಿದೇಶ ಪ್ರಯಾಣದ ಕುರಿತಲ್ಲ, ಪದವಿ ಹಂತದಲ್ಲೇ ಸಂಶೋಧನೆಗೆ ಕೈಹಚ್ಚಿದ ಅಲ್ಲಿನದೇ ವಿದ್ಯಾರ್ಥಿಗಳ ಕುರಿತದ್ದು. 2004ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ 41 ವಿದ್ಯಾಸಂಸ್ಥೆಗಳ 1,135 ವಿದ್ಯಾರ್ಥಿಗಳಲ್ಲಿ ಶೇ. 83ಕ್ಕೂ ಹೆಚ್ಚು ಮಂದಿ ವಿಜ್ಞಾನದಲ್ಲೇ ಉನ್ನತ ಶಿಕ್ಷಣ ಮುಂದುವರಿಸುವ ಇರಾದೆ ತಿಳಿಸಿದ್ದರು. ಸಂತೋಷದ ಸುದ್ದಿ. ಆದರೆ ಲೊಪ್ಯಾಟೊ ಇನ್ನೊಂದು ಚಿಕ್ಕ ಗುಂಪನ್ನು ಬೇರೆಯಾಗಿ ನೋಡಿದರು. ಆ 51 ಮಂದಿ ಮೊದಲು ವಿಜ್ಞಾನದ ಉನ್ನತ ಶಿಕ್ಷಣ ಬೇಕೆಂದಿದ್ದವರು, ಸಂಶೋಧನೆಯ ಅನುಭವದ ಬಳಿಕ ಬೇಡವೆಂದವರು. ತಮಗಾದ ಲಾಭ ಇತರರಿಗಿಂತ ಎಷ್ಟೋ ಕಡಿಮೆ ಎಂದು ಅವರು ಗುರುತಿಸಿದ್ದರು. ಸಾವಿರದ ಚಿಲ್ಲರೆ ಮಂದಿಯ ನಡುವೆ 51 ಎಂಬುದು ಕಣ್ಣಿಗೆ ಬೀಳದ ಸಂಖ್ಯೆ. ಯೋಜನೆಯನ್ನು ಸುಧಾರಿಸಬೇಕೆನ್ನುವವರು ಮೊದಲು ಮಾತನಾಡಿಸಬೇಕಾದ್ದು ಅವರನ್ನೇ.

ಎರಡನೆಯ ತೊಡಕು ಯಾವಾಗ ಕೇಳಬೇಕು ಎಂಬುದು. ಹರಗೋವಿಂದ ಖುರಾನಾ ಅವರ ಬದುಕನ್ನೇ ತೆಗೆದುಕೊಳ್ಳಿ. ಭಾರತ ಸರಕಾರದ ಫೆಲೋಶಿಪ್ ಪಡೆದು 1945ರಲ್ಲಿ ಇಂಗ್ಲೆಂಡಿಗೆ ಹೋದ ಅವರು 1948ರಲ್ಲಿ ಲಿವರ್‌ಪೂಲ್‌ನಲ್ಲಿ ಪಿಎಚ್‌ಡಿ ಮುಗಿಸಿ, ಜ್ಯೂರಿಕ್‌ನಲ್ಲಿ ಕೆಲವು ಕಾಲ ಕೆಲಸ ಮಾಡಿ 1949ರಲ್ಲಿ ಮರಳಿ ಬಂದರು. ಇಲ್ಲಿ ಅವರಿಗೆ ತಕ್ಕ ಕೆಲಸ ಸಿಗಲಿಲ್ಲ. ಮತ್ತೆ ಕೇಂಬ್ರಿಜ್‌ಗೆ, ಅಲ್ಲಿಂದ ಕೆನಡಾದ ವ್ಯಾಂಕೂವರ್‌ಗೆ, 1960ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ಗೆ ತೆರಳಿದರು. 1968ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1949ರಲ್ಲಿ ಯಾರಾದರೂ ಸಮೀಕ್ಷೆ ನಡೆಸಿದ್ದರೆ 'ಫಲಾನುಭವಿ: ನಿರುದ್ಯೋಗಿ' ಎಂದು ಬರೆಯಬೇಕಿತ್ತು. 1968ರಲ್ಲಿ ನಡೆಸಿದ್ದರೆ 'ಯೋಜನೆ ಯಶಸ್ವಿ, ಆದರೆ ಫಲ ಅಮೆರಿಕಕ್ಕೆ' ಎನ್ನಬೇಕಿತ್ತು. ಕಥೆ ಅಲ್ಲಿಗೂ ಮುಗಿಯಲಿಲ್ಲ. ಅವರ ಹೆಸರಿನಲ್ಲೇ 2007ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಮತ್ತು ಭಾರತ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ ಖುರಾನಾ ಯೋಜನೆ ಆರಂಭಿಸಿದವು. ಅದರಡಿ ಭಾರತದ ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಅಮೆರಿಕದ ಪ್ರಯೋಗಾಲಯಗಳಿಗೆ ಹೋಗಿಬಂದರು. ಅರುವತ್ತು ವರ್ಷಗಳ ಬಳಿಕ ಬಂದ ಬಡ್ಡಿಯನ್ನು ಯಾವ ಲೆಕ್ಕಪುಸ್ತಕದಲ್ಲಿ ತೋರಿಸುವುದು?

ಏನು ಕೇಳಬೇಕೆಂಬುದೂ ಸುಲಭವಲ್ಲ. ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯಕ್ಕೆ ಹೋಗಿ 1966ರಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಪಿಎಚ್‌ಡಿ ಪಡೆದರು. ಪ್ರಶ್ನಾವಳಿಯ ಅಂಕಣಗಳಿಗೆ ಬೇಕಾದ್ದು ಇಷ್ಟೆ. ಆದರೆ ಅದೇ ಅವಧಿಯಲ್ಲಿ ಬೆರ್ಗ್‌ಮನ್ನರ 'ದ ಸೆವೆಂತ್ ಸೀಲ್' ಚಿತ್ರವನ್ನು ಉಪಶೀರ್ಷಿಕೆಗಳಿಲ್ಲದೆ ನೋಡಿ, ಅದು ಎಬ್ಬಿಸಿದ ತಳಮಳದಲ್ಲಿ ಅವರು 'ಸಂಸ್ಕಾರ' ಬರೆದರು. ಮಲೆನಾಡಿನ ಅಗ್ರಹಾರದ ಕಥೆ ಇಂಗ್ಲೆಂಡಿನಲ್ಲಿ ಕನ್ನಡದಲ್ಲಿ ಹುಟ್ಟಿತು. ಆ ವಿದ್ಯಾರ್ಥಿವೇತನದಿಂದ ಕನ್ನಡಕ್ಕೆ ದೊರೆತ ದೊಡ್ಡ ಲಾಭ ಪಿಎಚ್‌ಡಿ ಪ್ರಬಂಧವಲ್ಲ, ಈ ಕಾದಂಬರಿ. 'ನಿಮ್ಮ ವಿಷಯದಲ್ಲಿ ಪ್ರಕಟಿಸಿದ ಸಂಶೋಧನ ಲೇಖನಗಳ ಸಂಖ್ಯೆ' ಎಂಬ ಅಂಕಣದಲ್ಲಿ ಅದಕ್ಕೆ ಜಾಗವಿಲ್ಲ. ಆದುದರಿಂದ ಪ್ರಶ್ನಾವಳಿಯ ಕೊನೆಗೆ 'ನಾವು ಕೇಳದೆ ಬಿಟ್ಟದ್ದು ಏನಾದರೂ ಇದೆಯೇ?' ಎಂದು ಅರ್ಧ ಪುಟ ಖಾಲಿ ಬಿಡಬೇಕು. ಓದಲು ಲಾಯಕ್ಕಾದದ್ದು ಹೆಚ್ಚಾಗಿ ಅಲ್ಲೇ ಇರುತ್ತದೆ. 1960ರಿಂದ ವಿದ್ಯಾರ್ಥಿಗಳನ್ನು ಕರೆಸಿಕೊಳ್ಳುತ್ತ ಬಂದ ಬ್ರಿಟನ್ನಿನ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಆಯೋಗ ಕ್ರಮಬದ್ಧ ಮೌಲ್ಯಮಾಪನಕ್ಕೆ ತೊಡಗಿದ್ದು 2007ರಲ್ಲಿ. ದೊಡ್ಡವರೂ ತಡಮಾಡುತ್ತಾರೆಂಬುದು ನಮ್ಮ ಸಂಘಗಳಿಗೆ ಒಂದು ಸಮಾಧಾನ.

ಮುಂಬಯಿಯಲ್ಲೇ ಇರುವ ಒಂದು ಹಳೆಯ ನಿಧಿಗೆ ಮಾತ್ರ ಈ ಕಷ್ಟ ಕಡಿಮೆಯಿದ್ದೀತು. ಜಮ್ಷೇಟ್‌ಜಿ ಟಾಟಾ 1892ರಲ್ಲಿ ಸ್ಥಾಪಿಸಿದ ಜೆ.ಎನ್. ಟಾಟಾ ದತ್ತಿನಿಧಿ ವಿದೇಶ ವ್ಯಾಸಂಗಕ್ಕೆ ನೀಡುವುದು ಸಾಲ ರೂಪದ ವಿದ್ಯಾರ್ಥಿವೇತನ. ತುಮಕೂರಿನಲ್ಲಿ ಹುಟ್ಟಿದ ಪರಮಾಣು ವಿಜ್ಞಾನಿ ರಾಜಾ ರಾಮಣ್ಣ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಸಂಶೋಧನೆ ನಡೆಸಿದ್ದು ಇದರ ನೆರವಿನಿಂದ. ಸಾಲ ಕೊಟ್ಟವನು ವಿಳಾಸ ಮರೆಯುವುದುಂಟೆ? ದಾನ ಕೊಟ್ಟವನಿಗೆ ಆ ಜರೂರಿಲ್ಲ, ಅದರಿಂದಲೇ ಮರೆವು.

ಹೊರನಾಡಿನ ಕನ್ನಡಿಗರಲ್ಲಿ ವಿಳಾಸದ ಸಮಸ್ಯೆ ಇನ್ನೂ ಒಂದು ಕೈ ಮೇಲು. ಅರ್ಜಿಯಲ್ಲಿ ಬರೆದ ಚಾಳು ಪುನರ್ವಿಕಾಸಕ್ಕೆ ಹೋಗಿ ಅಲ್ಲಿ ಗಗನಚುಂಬಿ ಎದ್ದಿರುತ್ತದೆ. ಕುಟುಂಬ ಪರೇಲಿನಿಂದ ಡೊಂಬಿವಲಿಗೋ ನಾಲಾಸೋಪಾರಕ್ಕೋ ಸರಿದಿರುತ್ತದೆ. ಹುಡುಗಿಯರಿಗೆ ಮದುವೆಯಾಗಿ ಕುಲನಾಮ ಬದಲಾಗಿರುತ್ತದೆ. ಹೆಸರು ಬರೆಯುವ ಕ್ರಮವೇ ಎರಡು ಬಗೆ. ಊರಿನ ಶಾಲೆಯ ದಾಖಲೆಯಲ್ಲಿ ಇನಿಶಿಯಲ್ ಮುಂದೆ ಇದ್ದರೆ ಇಲ್ಲಿನ ಅಂಕಪಟ್ಟಿಯಲ್ಲಿ ತಂದೆಯ ಹೆಸರು ನಡುವೆ, ಕುಲನಾಮ ಕೊನೆಗೆ. ಪಾಸ್‌ಪೋರ್ಟ್‌ನಲ್ಲಿ ಮೂರನೆಯದೇ ರೂಪವಿದ್ದರೂ ಇರಬಹುದು. ಸಂಘದ ಪಟ್ಟಿಯಲ್ಲಿ 'ಸುರೇಶ್ ಶೆಟ್ಟಿ' ಎಂದಷ್ಟೇ ಇದ್ದರೆ ಯಾವ ಸುರೇಶ್ ಶೆಟ್ಟಿಯೆಂದು ಹುಡುಕುವುದು? ಲಕೋಟೆ ಕೊಡುವ ದಿನವೇ ಊರಿನ ಮನೆಯ ವಿಳಾಸ, ತಾಯಿಯ ಹೆಸರು, ಬದಲಾಗದೆ ಉಳಿಯಬಹುದಾದ ಒಬ್ಬ ಬಂಧುವಿನ ಫೋನ್ ನಂಬರು ಬರೆಸಿಕೊಂಡರೆ ಮುಂದಿನ ಅರ್ಧ ಶ್ರಮ ಉಳಿಯುತ್ತದೆ.

ಪ್ರಾಮಾಣಿಕವಾಗಿ ಸಮೀಕ್ಷೆ ಮಾಡಹೊರಟವರು ಎದುರಿಸಬೇಕಾದ ಕಿರಿಕಿರಿಯ ಪ್ರಶ್ನೆಯೊಂದಿದೆ. ಹೆಚ್ಚು ಅಂಕ ಪಡೆದವರನ್ನೇ ಆರಿಸಿ ನೆರವು ಕೊಟ್ಟ ಮೇಲೆ, ಅವರು ಮುಂದೆ ಬಂದದ್ದು ಸಂಘದ ನೆರವಿನಿಂದಲೋ ಸ್ವಂತ ಸಾಮರ್ಥ್ಯದಿಂದಲೋ? ಇದನ್ನು ತಿಳಿಯಲು ಅರ್ಜಿ ಹಾಕಿ ಕೊಂಚದರಲ್ಲಿ ತಪ್ಪಿಸಿಕೊಂಡವರನ್ನೂ ವಿಚಾರಿಸಬೇಕು. ಅವರೂ ಅಷ್ಟೇ ಮುಂದೆ ಬಂದಿದ್ದರೆ ಆಯ್ಕೆಯ ಮಾನದಂಡವನ್ನೇ ಮರುಯೋಚಿಸಬೇಕಾದೀತು. ಲಕೋಟೆ ಸಿಗದಿದ್ದರೆ ಹೊರಡಲೇ ಆಗದ ಮತ್ತೊಬ್ಬರು ಅದೇ ಸಭಾಗೃಹದ ಹಿಂದಿನ ಸಾಲಿನಲ್ಲಿ ಕುಳಿತಿರಬಹುದು. ತಿರಸ್ಕೃತ ಅರ್ಜಿಗಳನ್ನು ರದ್ದಿಗೆ ಹಾಕುವ ಮುನ್ನ ಕಾರ್ಯಕಾರಿ ಸಮಿತಿ ಇಷ್ಟು ನೆನಪಿಡಬೇಕು.

ಇನ್ನು ಉತ್ತರಗಳನ್ನು ಏನು ಮಾಡುವುದು? ಮುಂಬಯಿ ಕನ್ನಡಿಗರದು ಎಲ್ಲರಿಗೂ ಎಲ್ಲರ ಸಂಬಂಧ ಗೊತ್ತಿರುವ ಲೋಕ. 'ಪಿಎಚ್‌ಡಿ ಮುಗಿಯಲಿಲ್ಲ, ಮಾರ್ಗದರ್ಶಕರೊಂದಿಗೆ ಹೊಂದಿಕೆಯಾಗಲಿಲ್ಲ, ಮರಳಿ ಬಂದೆ' ಎಂದು ಒಬ್ಬ ಹುಡುಗ ಬರೆದರೆ ಅದು ಮುಂದಿನ ಮದುವೆ ಮನೆಯಲ್ಲಿ ಚರ್ಚೆಗೆ ಬರಬಾರದು. ಹೆಸರಿನ ಹಾಳೆ ಬೇರೆ, ಉತ್ತರದ ಹಾಳೆ ಬೇರೆ ಇಡುವುದು ಸಮೀಕ್ಷೆ ನಡೆಸುವವರ ಹಳೆಯ ಪದ್ಧತಿ. ಪದಾಧಿಕಾರಿಗಳ ಬದಲು ಹೊರಗಿನ ನಿವೃತ್ತ ಪ್ರಾಧ್ಯಾಪಕರೊಬ್ಬರು ಓದಿ, ಸಂಘಕ್ಕೆ ಸಾರಾಂಶ ಮಾತ್ರ ತಿಳಿಸುವುದು ಇನ್ನೂ ಕ್ಷೇಮ. ದೇಣಿಗೆಯ ಮನವಿಯನ್ನು ಅದೇ ಲಕೋಟೆಯಲ್ಲಿ ಸೇರಿಸಲೇಬಾರದು. ಒಮ್ಮೆ ಹಾಗೆ ಮಾಡಿದರೆ ಎರಡನೆಯ ಪ್ರಶ್ನಾವಳಿಯನ್ನು ಯಾರೂ ಬಿಚ್ಚಿ ನೋಡಲಿಕ್ಕಿಲ್ಲ.

ಇದಕ್ಕೆಲ್ಲ ಫೋರ್ಡ್ ಪ್ರತಿಷ್ಠಾನದ ಹಣ ಬೇಕಿಲ್ಲ. ಐವತ್ತೋ ನೂರೋ ಹೆಸರುಗಳ ಸಂಘಕ್ಕೆ ಇಬ್ಬರು ಕಾಲೇಜು ವಿದ್ಯಾರ್ಥಿಗಳು, ಒಂದು ಫೋನು, ಕೆಲವು ಭಾನುವಾರಗಳು ಸಾಕು. ಮುದ್ರಿತ ಫಾರ್ಮಿಗಿಂತ ಫೋನಿನಲ್ಲಿ ಊರ ಭಾಷೆಯಲ್ಲಿ ಹತ್ತು ನಿಮಿಷ ಮಾತನಾಡಿಸಿದರೆ ಹೆಚ್ಚು ತಿಳಿಯುತ್ತದೆ. ತುಳುವರಲ್ಲಿ ತುಳುವಿನಲ್ಲಿ, ಕೊಂಕಣಿಗರಲ್ಲಿ ಕೊಂಕಣಿಯಲ್ಲಿ. ಹೊರಡುವ ಮೊದಲು ಯಾರೂ ಹೇಳದೆ ಇದ್ದುದೇನು, ಹಣ ಯಾವ ತಿಂಗಳಲ್ಲಿ ಸಾಲದೆ ಬಂತು, ಮರಳಿದ ಮೇಲೆ ಯಾರಾದರೂ ವಿಚಾರಿಸಿದರೇ ಎಂಬ ಮೂರು ಪ್ರಶ್ನೆ ಕೇಳಿದರೂ ಮುಂದಿನ ಜುಲೈಯಲ್ಲಿ ಲಕೋಟೆ ಪಡೆಯುವ ವಿದ್ಯಾರ್ಥಿಗೆ ಕೈಯಲ್ಲಿ ಹಿಡಿದು ಓದಲು ಎರಡು ಪುಟ ಸಿದ್ಧವಾಗುತ್ತದೆ. ಹಳೆಯ ವರ್ಷಗಳ ಹೆಸರುಗಳು ಹೆಚ್ಚಿನ ಸಂಘಗಳ ಕಪಾಟಿನಲ್ಲಿ, ವಾರ್ಷಿಕ ವರದಿಗಳ ಕೊನೆಯ ಪುಟಗಳಲ್ಲಿ, ಇನ್ನೂ ಇವೆ.