ಮನೆಯಲ್ಲಿ ಬಂದೂಕಿನ ತಿಜೋರಿ: ಆಯ್ಕೆ ಮತ್ತು ಸ್ಥಾಪನೆ

ವರ್ತಕರಲ್ಲಿಯೂ ಕಾಫಿ ಬೆಳೆಗಾರರಲ್ಲಿಯೂ ರಕ್ಷಣೆಗಾಗಿ ಬಂದೂಕು ಹೊಂದಿರುವವರುಂಟು. 2019ರ ಶಸ್ತ್ರಾಸ್ತ್ರ ತಿದ್ದುಪಡಿ ಕಾಯ್ದೆಯು ಪರವಾನಗಿದಾರನೊಬ್ಬನು ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಪರವಾನಗಿಯಿರಲಿ, ವಿನಾಯಿತಿಯಿರಲಿ, ಆಯುಧವು ಮಕ್ಕಳ ಅಥವಾ ಕಳ್ಳರ ಕೈಸೇರದಂತೆ ಕಾಯುವ ಹೊಣೆ ಒಡೆಯನದೇ. ಗೋಡೆಯ ಗೂಟಕ್ಕೆ ತೂಗುಹಾಕುವುದರಿಂದಾಗಲಿ, ಬಟ್ಟೆಯ ಬೀರುವಿನಲ್ಲಿ ಅಡಗಿಸುವುದರಿಂದಾಗಲಿ ಈ ಹೊಣೆ ತೀರದು.

ಆಯ್ಕೆ: ಮೊದಲು ಅಳತೆಯನ್ನು ಗಮನಿಸಬೇಕು. ಜೋಡಿನಳಿಗೆಯ 12 ಬೋರ್ ಬಂದೂಕು ಸುಮಾರು ನಾಲ್ಕು ಅಡಿ ಉದ್ದವಿರುವುದರಿಂದ ಒಡವೆಗಳ ಸಣ್ಣ ತಿಜೋರಿಯಲ್ಲಿ ಹಿಡಿಸದು. ನಳಿಗೆಯನ್ನು ಕಳಚಿ ಇಡುವುದಾದರೆ ಮೂರು ಅಡಿಯ ಪೆಟ್ಟಿಗೆ ಸಾಕಾಗುತ್ತದೆ. ಅಗುಳಿಗಳು ಬಾಗಿಲಿನ ಎರಡೂ ಬದಿಗಳಲ್ಲಿರಬೇಕು. ಆಗ ಕೀಲುಗಳನ್ನು ಕತ್ತರಿಸಿದರೂ ಬಾಗಿಲು ಸುಲಭವಾಗಿ ಕಳಚುವುದಿಲ್ಲ. ವಿದ್ಯುನ್ಮಾನ ಬೀಗವು ಬೇಗ ತೆರೆಯುತ್ತದೆಯಾದರೂ ಬ್ಯಾಟರಿಯನ್ನು ಕಾಲಕಾಲಕ್ಕೆ ಬದಲಿಸಬೇಕು. ಅಗ್ನಿನಿರೋಧಕ ಪದರವುಳ್ಳ ತಿಜೋರಿಗಳ ಒಳಗೆ ತೇವ ಹೆಚ್ಚಬಹುದಾದ್ದರಿಂದ ಸಿಲಿಕಾ ಜೆಲ್ ಇಡುವುದು ಅವಶ್ಯ.

ಸ್ಥಾಪನೆ: ಖಾಲಿ ತಿಜೋರಿಯನ್ನು ಇಬ್ಬರು ಹೊತ್ತು ತರಬಹುದಾದರೆ, ಇಬ್ಬರು ಕಳ್ಳರೂ ಹೊತ್ತೊಯ್ಯಬಹುದು. ಆದುದರಿಂದ ಅದನ್ನು ನೆಲಕ್ಕೂ ಗೋಡೆಗೂ ಬೋಲ್ಟುಗಳಿಂದ ಬಿಗಿಯತಕ್ಕದ್ದು. ಹಳೆಯ ಮನೆಗಳ ಮಣ್ಣಿನ ಗೋಡೆಯಲ್ಲಿ ಬೋಲ್ಟು ನಿಲ್ಲದು. ಅಂಥಲ್ಲಿ ಕಾಂಕ್ರೀಟಿನ ಪೀಠ ಕಟ್ಟಿ ಅದಕ್ಕೆ ಬಿಗಿಯುವುದು ಲೇಸು. ಅಟ್ಟದ ಮರದ ಹಲಗೆಗಳ ಮೇಲೆ ಭಾರವಾದ ತಿಜೋರಿ ಇಡಬಾರದು. ಮೂಲೆಯಲ್ಲಿ ಕೂರಿಸಿದರೆ ಕಬ್ಬಿಣದ ಹಾರೆ ತೂರಿಸಲು ಎಡೆ ಕಡಿಮೆ. ಸ್ನಾನದ ಮನೆಗೆ ತಾಗಿದ ಗೋಡೆ, ಮಳೆನೀರು ಜಿನುಗುವ ಗೋಡೆ, ಕಿಟಕಿಯಿಂದ ಕಾಣುವ ಸ್ಥಳ ಇವು ಮೂರೂ ವರ್ಜ್ಯ. ಮಲೆನಾಡಿನ ಮಳೆಗಾಲದಲ್ಲಿ ಪೆಟ್ಟಿಗೆಗೂ ಗೋಡೆಗೂ ನಡುವೆ ಗಾಳಿಯಾಡಲು ತುಸು ಅಂತರ ಬಿಟ್ಟು, ಆ ಅಂತರದಲ್ಲಿ ಲೋಹದ ತುಂಡನ್ನಿಟ್ಟು ಬೋಲ್ಟು ಬಿಗಿಯಬೇಕು. ಬಂದೂಕನ್ನು ಚರ್ಮದ ಚೀಲದೊಳಗೆ ಇಟ್ಟು ಬೀಗ ಹಾಕಬಾರದು. ಚರ್ಮವು ತೇವ ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ.

ಬಳಕೆ: ಒಳಗಿಡುವ ಮುನ್ನ ಬಂದೂಕನ್ನು ತೆರೆದು ಬರಿದಾಗಿದೆಯೇ ಎಂದು ನೋಡಬೇಕು. ತೋಟಾಗಳಿಗೆ ಬೇರೆ ಬೀಗವಿರಲಿ. ಅತ್ಯುತ್ತಮ ತಿಜೋರಿಯನ್ನೂ ವ್ಯರ್ಥಗೊಳಿಸುವುದು ದೇವರ ಗೂಡಿನಲ್ಲಿಟ್ಟ ಬೀಗದ ಕೈ. ಅದು ಎಲ್ಲಿದೆಯೆಂದು ಮನೆಯ ಮಕ್ಕಳಿಗೆಲ್ಲ ತಿಳಿದಿರುತ್ತದೆ. ಮಕ್ಕಳ ಹುಟ್ಟಿದ ದಿನಾಂಕವನ್ನು ರಹಸ್ಯ ಸಂಖ್ಯೆಯಾಗಿಸುವುದೂ ಇಂಥದೇ ತಪ್ಪು.

ಬಂದೂಕಿನ ಕ್ರಮಸಂಖ್ಯೆ ಮತ್ತು ಪರವಾನಗಿಯ ಪ್ರತಿಯನ್ನು ತಿಜೋರಿಯ ಹೊರಗೆ ಬೇರೆಡೆ ಇರಿಸಿಕೊಳ್ಳಬೇಕು. ಕಳವಾದಲ್ಲಿ ತಡಮಾಡದೆ ಪೊಲೀಸ್ ಠಾಣೆಗೆ ತಿಳಿಸಲು ಇವು ಕೂಡಲೇ ದೊರೆಯುವಂತಿರಬೇಕು.