ಮುರಿದ ಕಾಲಿಗೊಂದು ನಿಯಮ, ಕಟ್ಟಿದ ಎದೆಗೆ?
ಅಗ್ನಿಶಾಮಕರ ಅಂಗವೈಕಲ್ಯ ಮತ್ತು ಪಿಂಚಣಿ

ಬೆಂಕಿ ಆರಿಸುವವರಿಗೆ ಎರಡು ಬಗೆಯ ಪೆಟ್ಟು ಬೀಳುತ್ತದೆ. ಗೋಡೆ ಕುಸಿದು ಕಾಲು ಮುರಿಯುವುದು ಒಂದು ಬಗೆ. ಇಪ್ಪತ್ತು ವರ್ಷ ಹೊಗೆ ಕುಡಿದು ಎದೆ ಕಟ್ಟುವುದು ಇನ್ನೊಂದು. ಮೊದಲನೆಯದಕ್ಕೆ ನಮ್ಮ ಕಾನೂನಿನಲ್ಲಿ ಸಾಕಷ್ಟು ಗಟ್ಟಿಯಾದ ಉತ್ತರ ಇದೆ. ಎರಡನೆಯದಕ್ಕೆ ಇರುವುದು ಅರೆಬರೆ ಉತ್ತರ.

ಕಲಬುರಗಿಯ ಮೋಮಿನಪುರದಂಥ ಬಡಾವಣೆಗಳಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಇಕ್ಕಟ್ಟಿನ ಗಲ್ಲಿಯಲ್ಲಿ ವಾಹನ ಒಳಗೆ ಬರದಿದ್ದರೆ ಸಿಬ್ಬಂದಿ ಪೈಪು ಎಳೆದುಕೊಂಡು ಓಡಬೇಕು. ಆಮೇಲೆ ಗಾಳಿ ಆಡದ ಕೋಣೆಗೆ ನುಗ್ಗಬೇಕು. ಸಂವಿಧಾನದ 371ಜೆ ವಿಧಿ ಬಂದ ಮೇಲೆ ಇಲ್ಲಿನ ಸ್ಥಳೀಯ ವೃಂದದ ಸಿ ದರ್ಜೆಯ ಹುದ್ದೆಗಳಲ್ಲಿ ಶೇ 80ರಷ್ಟು ಈ ಭಾಗದವರಿಗೇ ಮೀಸಲು. ಹಾಗಾಗಿ ಮೋಮಿನಪುರದ ಹುಡುಗನೋ ಕಮಲಾಪುರದ ಹುಡುಗನೋ ಅಗ್ನಿಶಾಮಕ ಹುದ್ದೆಗೆ ಅರ್ಜಿ ಹಾಕಿದರೆ ಅದು ಬರೀ ಕನಸಲ್ಲ. ಎತ್ತರ, ಎದೆಯ ಸುತ್ತಳತೆ, ಓಟದ ಲೆಕ್ಕ ಎಲ್ಲರಿಗೂ ಬಾಯಿಪಾಠ. ಪೆಟ್ಟಾದರೆ ಏನು ಗತಿ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಕಾಲು ಹೋದವರ ವಿಷಯ ಮೊದಲು. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 20ನೇ ಕಲಮಿನ ನಾಲ್ಕನೇ ಉಪಕಲಮು ಇದನ್ನು ನೇರವಾಗಿ ಹೇಳುತ್ತದೆ: ಸೇವೆಯಲ್ಲಿದ್ದಾಗ ಅಂಗವೈಕಲ್ಯ ಉಂಟಾದ ನೌಕರನನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆ ಖಾಲಿ ಇಲ್ಲವೇ? ಸಿಗುವ ತನಕ ಅಥವಾ ನಿವೃತ್ತಿಯ ವಯಸ್ಸಿನ ತನಕ ಸಂಖ್ಯಾತಿರಿಕ್ತ, ಅಂದರೆ ಹೆಚ್ಚುವರಿಯಾಗಿ ಸೃಷ್ಟಿಸಿದ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ಕರ್ನಾಟಕದಲ್ಲಿ ಆ ವಯಸ್ಸು 60. ಏಣಿ ಹತ್ತಲಾಗದವನು ಠಾಣೆಯ ನಿಯಂತ್ರಣ ಕೊಠಡಿಯಲ್ಲಿ ಫೋನ್ ಎತ್ತಬಹುದು, ಕಚೇರಿಯಲ್ಲಿ ಕಡತ ನೋಡಬಹುದು. ಕೆಲಸದ ಸ್ವರೂಪ ನೋಡಿ ಕೆಲವು ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರ ಸರ್ಕಾರಕ್ಕೆ ಇದೆ. ಆದರೆ ಅದಕ್ಕೆ ಅಧಿಸೂಚನೆ ಬೇಕು. ಮೇಲಧಿಕಾರಿಯ ಬಾಯಿಮಾತು ಸಾಲದು.

ಈ ರಕ್ಷಣೆ 1995ರ ಹಳೆಯ ಕಾಯ್ದೆಯ 47ನೇ ಕಲಮಿನಲ್ಲೂ ಇತ್ತು. ವಿಶೇಷ ಸೇವಾ ಬ್ಯೂರೋದ ಕಾನ್‌ಸ್ಟೆಬಲ್ ಕುನಾಲ್ ಸಿಂಗ್ ಎಂಬುವರಿಗೆ ಕರ್ತವ್ಯದಲ್ಲಿ ಎಡಗಾಲಿಗೆ ಪೆಟ್ಟಾಯಿತು. ಕಾಲು ಕೊಳೆತು ಕತ್ತರಿಸಬೇಕಾಯಿತು. ಇಲಾಖೆ ಅವರನ್ನು ಅಶಕ್ತ ಎಂದು ಮನೆಗೆ ಕಳಿಸಿತು. ಅಶಕ್ತತಾ ಪಿಂಚಣಿ ಸಿಗುತ್ತದಲ್ಲ, ಇನ್ನೇನು ಬೇಕು ಎಂಬ ವಾದವನ್ನು ಸುಪ್ರೀಂ ಕೋರ್ಟು 2003ರಲ್ಲಿ ತಳ್ಳಿಹಾಕಿತು. ಪಿಂಚಣಿ ಕೊಟ್ಟ ಮಾತ್ರಕ್ಕೆ ಕೆಲಸದ ಹಕ್ಕು ಅಳಿಯದು. "ಸಹಿ ಮಾಡು, ಪಿಂಚಣಿ ಬರ್ತದ" ಎಂದು ಯಾರಾದರೂ ಕಾಗದ ಮುಂದಿಟ್ಟರೆ ಈ ತೀರ್ಪು ನೆನಪಿರಲಿ.

ಇನ್ನು ಎದೆ ಕಟ್ಟಿದವರ ಪಾಡು. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಹೆಸರಿಸಿದೆ. ಕುರುಡು, ಕಿವುಡು, ಚಲನೆಯ ದೋಷ, ಹಿಮೋಫಿಲಿಯಾ, ಪಾರ್ಕಿನ್ಸನ್ ಎಲ್ಲ ಅಲ್ಲಿವೆ. ಶ್ವಾಸಕೋಶದ ಕಾಯಿಲೆ ಇಲ್ಲ. ಹೊಗೆಯಿಂದ ಉಸಿರು ಕುಗ್ಗಿದವನು ಆ ಪಟ್ಟಿಯ ಬಲದಿಂದ ಬೇರೆ ಹುದ್ದೆ ಕೇಳುವುದು ಕಷ್ಟ. ಅವನಿಗೆ ಉಳಿಯುವ ಹಾದಿ ಕರ್ನಾಟಕ ನಾಗರಿಕ ಸೇವಾ ನಿಯಮಗಳ ಅಶಕ್ತತಾ ಪಿಂಚಣಿ: ಇನ್ನು ಸೇವೆ ಮಾಡಲು ಶಾಶ್ವತವಾಗಿ ಆಗದು ಎಂದು ವೈದ್ಯರು ಬರೆದುಕೊಟ್ಟ ಮೇಲೆ ಸಿಗುವಂಥದ್ದು. ಕರ್ತವ್ಯದ ಕಾರಣಕ್ಕೇ ಗಾಯವೋ ಸಾವೋ ಆಗಿದ್ದರೆ ಅಸಾಧಾರಣ ಪಿಂಚಣಿಯ ನಿಯಮಗಳು ಬೇರೆ ಇವೆ. ಆದರೆ ಕೆಲಸದಿಂದಲೇ ಆಯಿತು ಎಂದು ತೋರಿಸಬೇಕು. ಸಿಗಡಿ ಹೊಗೆಯೋ, ಬೀಡಿಯೋ, ಊರಿನ ಧೂಳೋ, ಕಾರ್ಖಾನೆಯ ಬೆಂಕಿಯೋ? ಹದಿನೈದು ವರ್ಷದ ಮೇಲೆ ಯಾವ ವೈದ್ಯರು ಎದೆ ಮುಟ್ಟಿಕೊಂಡು ಹೇಳಬಲ್ಲರು?

ಬೇರೆ ಕಡೆ ಈ ಗಂಟನ್ನು ಬಿಡಿಸಿದ್ದಾರೆ. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯ 2002ರಲ್ಲಿ ಸಾಬೀತಿನ ಹೊರೆಯನ್ನೇ ತಿರುಗಿಸಿತು. ನಿಗದಿತ ವರ್ಷ ಸೇವೆ ಮಾಡಿದ ಅಗ್ನಿಶಾಮಕನಿಗೆ ಕೆಲವು ಬಗೆಯ ಕ್ಯಾನ್ಸರ್ ಬಂದರೆ ಅದು ಕೆಲಸದಿಂದಲೇ ಬಂತೆಂದು ಕಾನೂನೇ ಭಾವಿಸುತ್ತದೆ; ಅಲ್ಲ ಎನ್ನುವವರು ಅದನ್ನು ತೋರಿಸಬೇಕು. ಅಮೆರಿಕದ ಹಲವು ರಾಜ್ಯಗಳಲ್ಲೂ ಇಂಥ ಕಾನೂನಿದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬೆಂಕಿ ಆರಿಸುವ ಕಸುಬನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಇಷ್ಟಾದ ಮೇಲೂ ನಮ್ಮ ನಿಯಮಗಳಿಗೆ ಅಂಥ ಒಂದು ಸಾಲು ಸೇರಿಸದೆ ಇರುವುದು ನನ್ನ ಮಟ್ಟಿಗೆ ಉದಾಸೀನವೇ ಸರಿ. ವಿಚಿತ್ರವೆಂದರೆ 1923ರಲ್ಲಿ ಬ್ರಿಟಿಷರ ಕಾಲದ ಕಾರ್ಮಿಕರ ಪರಿಹಾರ ಕಾಯ್ದೆ ತನ್ನ ಪಟ್ಟಿಯಲ್ಲಿ ಅಗ್ನಿಶಾಮಕ ದಳದ ಕೆಲಸಗಾರರನ್ನು ಹೆಸರು ಹಿಡಿದು ಸೇರಿಸಿತ್ತು. ಅಲ್ಲಿ ಹೆಬ್ಬೆರಳು ಹೋದರೆ ಶೇಕಡಾ ಇಷ್ಟು, ಒಂದು ಕಣ್ಣು ಹೋದರೆ ಶೇಕಡಾ ಇಷ್ಟು ಎಂದು ಅಂಗಾಂಗಕ್ಕೆ ಲೆಕ್ಕ ಕಟ್ಟಿದ್ದರು. ಹೊಗೆ ಕುಡಿದ ಎದೆಗೆ ಅಂಥ ಶೇಕಡಾ ಲೆಕ್ಕ ಆಗಲೂ ಇರಲಿಲ್ಲ.

ಸೇರಿದ ತಾರೀಖೂ ಮುಖ್ಯ. 2006ರ ಏಪ್ರಿಲ್ 1ಕ್ಕೆ ಮೊದಲು ಸೇರಿದವರಿಗೆ ಹಳೆಯ ಪಿಂಚಣಿ, ಆಮೇಲಿನ ಬಹುತೇಕರಿಗೆ ಎನ್‌ಪಿಎಸ್, ಅಂದರೆ ಹೊಸ ಪಿಂಚಣಿ ಯೋಜನೆ. ಆದರೂ ಎನ್‌ಪಿಎಸ್ ನೌಕರ ಸೇವೆಯಲ್ಲಿದ್ದಾಗ ತೀರಿಕೊಂಡರೆ ಅವನ ಮನೆಯವರಿಗೆ ಕುಟುಂಬ ಪಿಂಚಣಿಯ ದಾರಿಯನ್ನು ರಾಜ್ಯ 2018ರಲ್ಲಿ ತೆರೆಯಿತು. ಸಾಮಾನ್ಯ ಲೆಕ್ಕದಲ್ಲಿ ಕುಟುಂಬ ಪಿಂಚಣಿ ಕೊನೆಯ ಮೂಲ ವೇತನದ ಶೇ 30. ಕೊನೆಯ ವೇತನ 60,000 ಆಗಿದ್ದರೆ 18,000 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ. ಅನುಕಂಪದ ನೌಕರಿಗೆ ಅರ್ಜಿಯನ್ನು ಸಾವಾದ ಒಂದು ವರ್ಷದೊಳಗೆ ಹಾಕಬೇಕು. 2021ರ ತಿದ್ದುಪಡಿಯ ಮೇಲೆ ಮದುವೆಯಾದ ಮಗಳೂ ಕೇಳಬಹುದು. ಇದು ಇನ್ನೂ ಬಹಳ ಮನೆಗಳಿಗೆ ಗೊತ್ತಿಲ್ಲ.

ನಿಯಮ ಬದಲಾಗುವ ತನಕ ಕೈಯಲ್ಲಿರುವ ಆಯುಧ ಕಾಗದ ಒಂದೇ. ಬೆಂಕಿ ಆರಿಸಿ ಬಂದ ರಾತ್ರಿ ಕೆಮ್ಮು ಬಂದರೆ ಜನ ಬಿಸಿನೀರು ಕುಡಿದು ಮಲಗುತ್ತಾರೆ. ಹಾಗೆ ಮಾಡಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಹೊರರೋಗಿ ಚೀಟಿ ಮಾಡಿಸಿ, ಯಾವ ಬೆಂಕಿ, ಎಷ್ಟು ಹೊತ್ತು ಹೊಗೆಯಲ್ಲಿ ಇದ್ದಿರಿ ಎಂದು ವೈದ್ಯರಿಗೆ ಹೇಳಿ ಅದರಲ್ಲೇ ಬರೆಸಿ. ಮರುದಿನ ಠಾಣಾಧಿಕಾರಿಗೆ ಎರಡು ಸಾಲಿನ ಅರ್ಜಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸೇವಾ ಪುಸ್ತಕವನ್ನು ವರ್ಷಕ್ಕೊಮ್ಮೆ ತೆರೆಸಿ ನೋಡಿ. ಹೊಸದಾಗಿ ಸೇರುವ ಹುಡುಗರು ತರಬೇತಿಗೆ ಹೋಗುವ ಮುಂಚೆಯೇ ಊದಿ ನೋಡುವ ಶ್ವಾಸಕೋಶದ ಪರೀಕ್ಷೆ ಮಾಡಿಸಿ, ವರದಿಯನ್ನು ಮನೆಯಲ್ಲಿಡಿ. ಸೇರುವಾಗ ಎದೆ ಚೆನ್ನಾಗಿತ್ತು ಎಂಬುದಕ್ಕೆ ಮುಂದೆ ನಿಮ್ಮ ಪರವಾಗಿ ನಿಲ್ಲುವ ಸಾಕ್ಷಿ ಅದೊಂದೇ.