ಸಿಗ್ನಲ್ ಫುಲ್ ಉಂಟು, ಕ್ಯಾಮೆರಾ ಮಾತ್ರ ಕನೆಕ್ಟ್ ಆಗುವುದಿಲ್ಲ

ಮೂಡುಬಿದಿರೆಯ ಆಸುಪಾಸಿನಲ್ಲಿ ಸಿಸಿ ಕ್ಯಾಮೆರಾ ಈಗ ಬ್ಯಾಂಕಿಗೂ ಚಿನ್ನದಂಗಡಿಗೂ ಸೀಮಿತವಲ್ಲ. ಶಿರ್ತಾಡಿ, ಅಳಿಯೂರು, ಬೆಳುವಾಯಿ ಕಡೆಯ ತೋಟದ ಮನೆಗಳಲ್ಲೂ ಜಗಲಿಗೊಂದು, ಅಡಿಕೆ ಒಣಹಾಕುವ ಅಂಗಳಕ್ಕೊಂದು ಕಾಣಸಿಗುತ್ತದೆ. ಮಕ್ಕಳು ಮುಂಬಯಿ, ಬೆಂಗಳೂರು, ದುಬೈಯಲ್ಲಿ. ಮನೆಯಲ್ಲಿ ತಂದೆತಾಯಿ ಇಬ್ಬರೇ. ಅಮ್ಮ ಅಂಗಳದಲ್ಲಿ ಜಾರಿ ಬಿದ್ದರೆ ಗೊತ್ತಾಗಬೇಕು, ರಾತ್ರಿ ಗೇಟು ತೆಗೆದವರು ಯಾರೆಂದು ಕಾಣಬೇಕು ಎಂದು ತಂದದ್ದು. ಅದು ವೈಫೈಗೆ ಸೇರದಿದ್ದರೆ ‘ಪೀಸೇ ಹಾಳು’ ಎಂದು ಅಂಗಡಿಗೆ ವಾಪಸು ಹೋಗುತ್ತದೆ. ಹಾಗೆ ಹೋದ ಕ್ಯಾಮೆರಾಗಳಲ್ಲಿ ನಿಜವಾಗಿ ಹಾಳಾದವು ಕಡಿಮೆ. ದೋಷ ಹೆಚ್ಚಾಗಿ ಇರುವುದು ಫೋನು, ರೂಟರ್, ಅಡಾಪ್ಟರ್ ಇವುಗಳಲ್ಲಿ ಎಲ್ಲೋ ಒಂದು ಕಡೆ. ಅಲ್ಲಿ ಹುಡುಕದಂತೆ ನಮ್ಮನ್ನು ದಾರಿ ತಪ್ಪಿಸುವುದು ಬಾಯಿಂದ ಬಾಯಿಗೆ ಬಂದ ಕೆಲವು ನಂಬಿಕೆಗಳು.

“ಮೊಬೈಲಿಗೆ ವೈಫೈ ಫುಲ್ ಸಿಗುತ್ತದೆ, ಹಾಗಾದರೆ ಕ್ಯಾಮೆರಾದ್ದೇ ತೊಂದರೆ.”

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು ಇದು. ಫೈಬರ್ ಸಂಪರ್ಕದ ಜೊತೆ ಈಗ ಬರುವ ರೂಟರ್‌ಗಳಲ್ಲಿ ಹೆಚ್ಚಿನವು ಎರಡು ತರಂಗಗಳಲ್ಲಿ ವೈಫೈ ಕೊಡುತ್ತವೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಫೋನು ಎರಡನ್ನೂ ಹಿಡಿಯುತ್ತದೆ. ಮನೆಗೆ ತರುವ ಕಡಿಮೆ ಬೆಲೆಯ ಕ್ಯಾಮೆರಾಗಳಲ್ಲಿ ಬಹುಪಾಲು 2.4 ಅನ್ನು ಮಾತ್ರ ಹಿಡಿಯುತ್ತವೆ. ಫೋನು ‘5ಜಿ’ ಎಂದು ಕೊನೆಯಾಗುವ ಹೆಸರಿನ ವೈಫೈಯಲ್ಲಿದ್ದರೆ, ಆ್ಯಪ್ ಕ್ಯಾಮೆರಾಕ್ಕೆ ಹೇಳಿಕೊಡುವುದೂ ಅದೇ ಹೆಸರನ್ನು. ಕ್ಯಾಮೆರಾದ ಮಟ್ಟಿಗೆ ಅಂಥದ್ದೊಂದು ವೈಫೈ ಮನೆಯಲ್ಲಿ ಇಲ್ಲವೇ ಇಲ್ಲ. (ಈ 5ಜಿಗೂ ಮೊಬೈಲ್ ಟವರಿನ 5ಜಿಗೂ ಸಂಬಂಧವಿಲ್ಲ; ಈ ಗೊಂದಲದಲ್ಲಿ ಎಷ್ಟೋ ಮಂದಿ ಸಿಮ್ ಬದಲಿಸಲು ಹೊರಡುತ್ತಾರೆ.) ಎರಡಕ್ಕೂ ಒಂದೇ ಹೆಸರಿಟ್ಟ ರೂಟರ್‌ಗಳಲ್ಲಿ ಇನ್ನೊಂದು ತಾಪತ್ರಯ. ಅವು ಸಾಧನಗಳನ್ನು 5ರ ಕಡೆಗೆ ತಳ್ಳಲು ನೋಡುತ್ತವೆ. ಕೆಲವು ಕ್ಯಾಮೆರಾಗಳು ಅಲ್ಲೇ ಮುಗ್ಗರಿಸುತ್ತವೆ.

ಪರಿಹಾರ ಸುಲಭ. ರೂಟರಿನ ಅಡಿಯ ಚೀಟಿಯಲ್ಲಿ ಅದರ ವಿಳಾಸ, ಲಾಗಿನ್ ಇರುತ್ತವೆ. ಬ್ರೌಸರಿನಲ್ಲಿ ಆ ವಿಳಾಸ ತೆರೆದು ಎರಡು ತರಂಗಗಳಿಗೆ ಬೇರೆ ಬೇರೆ ಹೆಸರು ಕೊಡಿ, ಇಲ್ಲವೇ ಜೋಡಣೆ ಮುಗಿಯುವವರೆಗೆ 5 ಅನ್ನು ಆಫ್ ಮಾಡಿ. ಅಲ್ಲೇ ಭದ್ರತೆಯ ಸಾಲನ್ನೂ ನೋಡಿ: ಬರೀ ‘ಡಬ್ಲ್ಯುಪಿಎ3’ ಎಂದಿದ್ದರೆ ಹಳೆಯ ಮಾದರಿಗಳು ಒಳಬರಲಾರವು, ‘ಡಬ್ಲ್ಯುಪಿಎ2’ ಇಡಬೇಕು. ಫೋನಿನಲ್ಲಿ ಆ್ಯಪ್‌ಗೆ ಲೊಕೇಶನ್ ಅನುಮತಿ ಬೇಕು. ಅದಿಲ್ಲದೆ ಆಂಡ್ರಾಯ್ಡ್ ಫೋನಿನ ಆ್ಯಪ್ ಸುತ್ತಲಿನ ವೈಫೈಗಳನ್ನು ಪಟ್ಟಿ ಮಾಡಲಾರದು. ಐಫೋನಿನಲ್ಲಿ ‘ಲೋಕಲ್ ನೆಟ್‌ವರ್ಕ್’ ಅನುಮತಿ ಬೇಕು. ಜೋಡಣೆಯ ಹೊತ್ತಿಗೆ ಮೊಬೈಲ್ ಡೇಟಾ ಆಫ್ ಇರಲಿ. ಕ್ಯಾಮೆರಾದ ಸ್ವಂತ ಹಾಟ್‌ಸ್ಪಾಟಿಗೆ ಸೇರಿದ ಫೋನು ‘ಇಲ್ಲಿ ಇಂಟರ್ನೆಟ್ ಇಲ್ಲ’ ಎಂದು ಡೇಟಾಕ್ಕೆ ಜಿಗಿದುಬಿಟ್ಟರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

“ನಮ್ಮದು ಕೆಂಪುಕಲ್ಲಿನ ಗೋಡೆ, ಅದರಲ್ಲಿರುವ ಕಬ್ಬಿಣ ವೈಫೈಯನ್ನು ಹೀರುತ್ತದೆ.”

ಇದರಲ್ಲಿ ಅರ್ಧ ಸತ್ಯ ಉಂಟು. ಕೆಂಪುಕಲ್ಲಿನಲ್ಲಿ ಕಬ್ಬಿಣ ಇರುವುದು ಆಕ್ಸೈಡ್ ರೂಪದಲ್ಲಿ, ಅಂದರೆ ತುಕ್ಕಿನ ಜಾತಿಯದು. ತಗಡಿನಂತೆ ಅದು ಅಲೆಯನ್ನು ತಿರುಗಿಸಿ ಕಳಿಸುವುದಿಲ್ಲ. ಅಡ್ಡಿ ಮಾಡುವುದು ಗೋಡೆಯ ದಪ್ಪ ಮತ್ತು ಅದರೊಳಗಿನ ನೀರು. 1801ರಲ್ಲಿ ಬಂಟ್ವಾಳ, ವೇಣೂರು, ಮೂಡುಬಿದಿರೆ ಹಾದು ಕಾರ್ಕಳಕ್ಕೆ ಹೋದ ಫ್ರಾನ್ಸಿಸ್ ಬುಕಾನನ್‌, ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು. ಕಡಿಯುವಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ, ಮೈಯೆಲ್ಲ ತೂತಿರುವ ಕಲ್ಲು ಎಂಬುದನ್ನು ಅವನೂ ಗಮನಿಸಿದ್ದ. ಆ ತೂತುಗಳೇ ಆಟಿಯ ಮಳೆಯಲ್ಲಿ ನೀರು ಕುಡಿಯುತ್ತವೆ; ನೀರು ವೈಫೈ ಅಲೆಯನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಸರಿಯಿದ್ದ ಅಂಗಳದ ಕ್ಯಾಮೆರಾ ಜುಲೈಯಲ್ಲಿ ಪದೇ ಪದೇ ಕಡಿದುಹೋಗಲು ಗಾರೆ ಮೆತ್ತದ, ನೆನೆದ ಗೋಡೆ ಕಾರಣವಾಗಿರಬಹುದು. ಒದ್ದೆ ಸೋಗೆ, ಅಂಗಳದ ತಗಡಿನ ಮಾಡು ಇದ್ದರಂತೂ ಕೇಳುವುದೇ ಬೇಡ.

ಇದಕ್ಕೆ ರಿಪೀಟರ್ ತಂದವರು ಅದನ್ನು ಕ್ಯಾಮೆರಾದ ಪಕ್ಕದಲ್ಲೇ ಸಿಕ್ಕಿಸುತ್ತಾರೆ. ಅಲ್ಲಿ ಸಿಗ್ನಲೇ ಇಲ್ಲ ಎಂದ ಮೇಲೆ ಅದು ಮುಂದಕ್ಕೆ ಕಳಿಸುವುದಾದರೂ ಏನನ್ನು? ರೂಟರಿಗೂ ಕ್ಯಾಮೆರಾಕ್ಕೂ ನಡುವೆ, ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ಕಡೆ, ಹೆಚ್ಚಾಗಿ ಕಿಟಕಿಯ ಬಳಿ ಅದರ ಜಾಗ. ವಿದ್ಯಾಗಿರಿಯಂಥ ಕಡೆ ಸಮಸ್ಯೆ ತಿರುಗಾಮುರುಗಾ. ಅಲ್ಲಿ ಹಾಸ್ಟೆಲು, ಬಾಡಿಗೆ ಮನೆ ಒತ್ತೊತ್ತಾಗಿವೆ. ದೂರಕ್ಕಿಂತ ನೆರೆಹೊರೆಯ ವೈಫೈಗಳ ನೂಕುನುಗ್ಗಲೇ ದೊಡ್ಡದು. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನಲ್‌ಗಳು 1, 6, 11 ಮಾತ್ರ. ಈ ಮೂರರಲ್ಲಿ ಸಂದಣಿ ಕಡಿಮೆ ಇರುವುದನ್ನು ಆರಿಸಿ.

“ಪ್ಲಾನ್ ಹೆಚ್ಚಿಸಿದರೆ ಸರಿಯಾಗುತ್ತದೆ.”

ಇಲ್ಲ. ಒಂದು ಫುಲ್ ಎಚ್‌ಡಿ ಕ್ಯಾಮೆರಾಕ್ಕೆ ಸಾಮಾನ್ಯವಾಗಿ 2ರಿಂದ 4 ಎಂಬಿಪಿಎಸ್ ಅಪ್‌ಲೋಡ್ ಸಾಕು. ರೂಟರಿಗೇ ಸೇರದ ಕ್ಯಾಮೆರಾಕ್ಕೆ ಹೆಚ್ಚಿನ ವೇಗದ ಪ್ಲಾನ್ ಹಾಕಿದರೂ ದುಡ್ಡು ದಂಡ.

“ಕತ್ತಲಾದ ಮೇಲೆ ಸಿಗ್ನಲ್ ಹೋಗುತ್ತದೆ.”

ಹಗಲೆಲ್ಲ ಚಿತ್ರ ಬಂದು, ಸಂಜೆ ಏಳರ ಸುಮಾರಿಗೆ ಕ್ಯಾಮೆರಾ ಆಫ್‌ಲೈನ್ ಆಗಿ, ಬೆಳಗಾದೊಡನೆ ತಾನಾಗಿ ಮರಳಿದರೆ ವೈಫೈಯನ್ನು ಬಿಟ್ಟು ಅಡಾಪ್ಟರನ್ನು ನೋಡಿ. ಕತ್ತಲಾದಾಗ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಉರಿಯುತ್ತವೆ, ಕರೆಂಟಿನ ಬೇಡಿಕೆ ಏರುತ್ತದೆ. ಪೆಟ್ಟಿಗೆಯ ಅಡಾಪ್ಟರ್ ಹಾಳಾದಾಗ ಹಳೆಯ ಮೊಬೈಲ್ ಚಾರ್ಜರ್ ಸಿಕ್ಕಿಸಿದ್ದರೆ, ಅಥವಾ ಜಗಲಿಯವರೆಗೆ ಮುಟ್ಟಲೆಂದು ತೆಳ್ಳಗಿನ ಉದ್ದ ಯುಎಸ್‌ಬಿ ವಯರ್ ಎಳೆದಿದ್ದರೆ, 5 ವೋಲ್ಟ್ ಅಲ್ಲಿಗೆ ತಲುಪುವಷ್ಟರಲ್ಲಿ ಸೊರಗಿರುತ್ತದೆ. ದೀಪ ಹೊತ್ತುತ್ತದೆ, ಕ್ಯಾಮೆರಾ ಸತ್ತು ಪುನಃ ಏಳುತ್ತದೆ, ಪುನಃ ದೀಪ, ಪುನಃ ಸಾವು. ‘ಸಂಜೆ ನಮ್ಮಲ್ಲಿ ವೋಲ್ಟೇಜ್ ಕಡಿಮೆ’ ಎನ್ನುವುದೂ ಸಾಮಾನ್ಯವಾಗಿ ಕಾರಣವಲ್ಲ. ಈಗಿನ ಅಡಾಪ್ಟರ್‌ಗಳಲ್ಲಿ ಹೆಚ್ಚಿನವು 100ರಿಂದ 240 ವೋಲ್ಟಿನವರೆಗೆ ನಡೆಯುತ್ತವೆ. ಕ್ಯಾಮೆರಾವನ್ನು ಒಳಗೆ ತಂದು, ಅದರದೇ ಅಡಾಪ್ಟರ್ ಮತ್ತು ಗಿಡ್ಡ ವಯರಿನಲ್ಲಿ ಒಂದು ರಾತ್ರಿ ಇಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ.

ಕರೆಂಟು ಹೋದಾಗ ಮಾತ್ರ ಕ್ಯಾಮೆರಾ ಕಡಿಯುವ ಮನೆಗಳಲ್ಲಿ ಇನ್‌ವರ್ಟರಿನ ಲೈನ್ ಯಾವ ಪ್ಲಗ್ಗಿಗಿದೆ ಎಂದು ನೋಡಬೇಕು. ಲೈಟು, ಫ್ಯಾನಿಗೆ ಇದ್ದು ರೂಟರಿನ ಪ್ಲಗ್ಗಿಗೆ ಇರುವುದಿಲ್ಲ.

“ಪಿನ್ ಚುಚ್ಚಿ ರೀಸೆಟ್ ಮಾಡು, ಎಲ್ಲ ಸರಿಯಾಗುತ್ತದೆ.”

ದೂರದಿಂದ ಮಗ ಫೋನಿನಲ್ಲಿ “ಅಪ್ಪಾ, ರೂಟರ್ ಒಮ್ಮೆ ರೀಸೆಟ್ ಮಾಡಿ” ಎನ್ನುತ್ತಾನೆ. ಅವನ ಮನಸ್ಸಿನಲ್ಲಿರುವುದು ಆಫ್ ಮಾಡಿ ಆನ್ ಮಾಡುವುದು. ಅಪ್ಪ ಸೂಜಿ ತಂದು ಹಿಂದಿನ ತೂತಿಗೆ ಒತ್ತುತ್ತಾರೆ. ಆ ಒತ್ತು ಇಂಟರ್ನೆಟ್ ಕೊಟ್ಟವರು ತುಂಬಿಸಿಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಬಹುದು. ಆಗ ಮನೆಯ ನೆಟ್ಟೇ ಹೋಯಿತು. ಕೇಬಲಿನ ಹುಡುಗ ಬರುವವರೆಗೆ ಕಾಯಬೇಕು. ರೂಟರಿಗೆ ಸ್ವಿಚ್ ಆಫ್ ಮಾತ್ರ ಸಾಕು. ಸೂಜಿಯ ರೀಸೆಟ್ ಕ್ಯಾಮೆರಾಕ್ಕೆ ಇರಲಿ. ಕ್ಯಾಮೆರಾ ರೀಸೆಟ್ ಮಾಡಿದರೆ ಹಳೆಯ ರೆಕಾರ್ಡಿಂಗ್ ಹೋಗುತ್ತದೆಂಬ ಹೆದರಿಕೆಯೂ ಹೆಚ್ಚಿನ ಮಾದರಿಗಳಲ್ಲಿ ಬೇಡ, ಅಳಿಯುವುದು ವೈಫೈಯ ನೆನಪು. ಮೆಮೊರಿ ಕಾರ್ಡಿನಲ್ಲಿದ್ದದ್ದು ಅಲ್ಲೇ ಇರುತ್ತದೆ. ಆದರೂ ಬೇಕಾದ ದೃಶ್ಯವಿದ್ದರೆ ಮೊದಲು ಕಾರ್ಡ್ ತೆಗೆದಿಡಿ.

“ದುಬೈಯಿಂದ ನೋಡಬೇಕಾದರೆ ಸ್ಥಿರ ಐಪಿ ಬೇಕು.”

ಹಳೆಯ ಕಾಲದ ಡಿವಿಆರ್‌ಗಳಿಗೆ ಆ ಮಾತು ಒಪ್ಪುತ್ತಿತ್ತು. ಇಂದಿನ ವೈಫೈ ಕ್ಯಾಮೆರಾ ತಾನಾಗಿ ಕಂಪನಿಯ ಸರ್ವರನ್ನು ಸಂಪರ್ಕಿಸುತ್ತದೆ, ಫೋನೂ ಅದನ್ನೇ ಸಂಪರ್ಕಿಸುತ್ತದೆ. ಮನೆಗೆ ಖಾಯಂ ವಿಳಾಸ ಬೇಡ. ನಿಜವಾದ ತೊಡಕು ಬೇರೆ. ರಜೆಯಲ್ಲಿ ಬಂದ ಮಗ ಕ್ಯಾಮೆರಾವನ್ನು ತನ್ನ ಖಾತೆಗೆ ಜೋಡಿಸಿ ಹೋಗಿರುತ್ತಾನೆ. ಆಮೇಲೆ ಅಮ್ಮನ ಫೋನಿನಲ್ಲಿ ಸೇರಿಸಹೋದರೆ ಆ್ಯಪ್ ಒಪ್ಪುವುದಿಲ್ಲ, ಯಾಕೆಂದರೆ ಒಂದು ಕ್ಯಾಮೆರಾಕ್ಕೆ ಒಬ್ಬನೇ ಯಜಮಾನ. ರೀಸೆಟ್ ಮಾಡಿದರೂ ಅನೇಕ ಕಂಪನಿಗಳಲ್ಲಿ ಆ ಗಂಟು ಬಿಚ್ಚುವುದಿಲ್ಲ. ಮಗ ತನ್ನ ಆ್ಯಪ್‌ನಲ್ಲಿ ‘ಶೇರ್’ ಒತ್ತಿ ಅಮ್ಮನ ಖಾತೆಯನ್ನು ಸೇರಿಸಬೇಕು. ಇನ್ನೊಬ್ಬರಿಂದ ಹಳೆಯ ಕ್ಯಾಮೆರಾ ಕೊಳ್ಳುವವರೂ ಮೊದಲು ಅವರ ಖಾತೆಯಿಂದ ಅದನ್ನು ತೆಗೆಸಬೇಕು.

“ಕನೆಕ್ಟ್ ಆಯಿತಲ್ಲ, ಇನ್ನು ಚಿಂತೆಯಿಲ್ಲ.”

2016ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಟ್ವಿಟರ್ ಸಹಿತ ದೊಡ್ಡ ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ತೆರೆಯದೆ ಹೋದವು. ಮಿರಾಯ್ ಎಂಬ ಕುತಂತ್ರಾಂಶ ಕ್ಯಾಮೆರಾ, ಡಿವಿಆರ್, ರೂಟರ್‌ಗಳಿಗೆ ನುಗ್ಗಿ ಅವುಗಳಿಂದಲೇ ಆ ದಾಳಿ ಮಾಡಿಸಿತ್ತು. ನುಗ್ಗಲು ಅದಕ್ಕೆ ದಾರಿಯಾದದ್ದು ಕಾರ್ಖಾನೆಯಲ್ಲಿ ಇಟ್ಟ ‘ಅಡ್ಮಿನ್’ನಂಥ ಪಾಸ್‌ವರ್ಡ್‌ಗಳು. ಚಿತ್ರ ಬಂದ ದಿನವೇ ಕ್ಯಾಮೆರಾ ಮತ್ತು ರೂಟರ್ ಎರಡರ ಪಾಸ್‌ವರ್ಡನ್ನೂ ಬದಲಿಸಿ, ಬರುವ ಅಪ್‌ಡೇಟ್ ಹಾಕಿಸಿ. ಕ್ಯಾಮೆರಾದ ಮುಖ ಗೇಟಿಗೂ ಅಂಗಳಕ್ಕೂ ಇರಲಿ. ತಂದೆತಾಯಿ ಮಲಗುವ ಕೋಣೆಗೆ ಬೇಡ.